ಸಹಾಯ ಬೇಕು: ಹುಬ್ಬಳ್ಳಿ-ಧಾರವಾಡದಲ್ಲಿ ಸಿಎಸ್ (ಕಂಪನಿ ಸೆಕ್ರೆಟರಿ) ತರಬೇತಿಗೆ ಅವಕಾಶವಿದೆಯೇ?

ಗುಂಪಿನ ಹಿರಿಯರಿಗೆ ನಮಸ್ಕಾರಗಳು.

ನಾನು ಸಿಎಸ್ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಯಾದ ಐಸಿಎಸ್‌ಐನ ಎಕ್ಸಿಕ್ಯೂಟಿವ್ ಹಂತದ ಎರಡೂ ಗ್ರೂಪ್‌ಗಳನ್ನು (ಪತ್ರಿಕೆಗಳ ಗುಂಪುಗಳನ್ನು) ಮುಗಿಸಿದ್ದೇನೆ. ಪ್ರತಿ ಪತ್ರಿಕೆಯಲ್ಲಿ ಶೇ. 40 ಬಂದರೆ ಸಾಲದು, ಗ್ರೂಪಿನ ಒಟ್ಟು ಅಂಕ ಶೇ. 50 ಆಗಬೇಕೆಂಬ ನಿಯಮದಿಂದಾಗಿ, ಮೂರು ಪತ್ರಿಕೆಗಳ ಎರಡನೇ ಗ್ರೂಪಿನಲ್ಲಿ ಮೊದಲ ಸಲ 300ಕ್ಕೆ 146 ಬಂದು ನಾಲ್ಕೇ ಅಂಕಗಳಿಂದ ತಪ್ಪಿತ್ತು. ಆ ದಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತು ಅಪ್ಪ ನನ್ನ ಅಂಕಪಟ್ಟಿಯನ್ನು ಎರಡು ಸಲ ಕೂಡಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈಗ 21 ತಿಂಗಳ ತರಬೇತಿ ಆರಂಭಿಸಬೇಕಾಗಿದೆ. ಒಂದು ಕಚೇರಿಯವರು ಸೇರಿಸಿಕೊಳ್ಳುವುದಾಗಿ ಹೇಳಿ, ಎರಡು ತಿಂಗಳು ಕಾಯಿಸಿ, ಕೊನೆಗೆ ಜಾಗವಿಲ್ಲ ಎಂದುಬಿಟ್ಟರು. ಅಮ್ಮನ ಆರೋಗ್ಯದ ಕಾರಣ ಬೆಂಗಳೂರಿಗೆ ಹೋಗುವುದು ಸದ್ಯಕ್ಕೆ ಸಾಧ್ಯವಿಲ್ಲ. ಹುಬ್ಬಳ್ಳಿ ಅಥವಾ ಧಾರವಾಡದಲ್ಲಿ ತರಬೇತಿ ನೀಡುವ ಪ್ರಾಕ್ಟೀಸಿಂಗ್ ಕಂಪನಿ ಸೆಕ್ರೆಟರಿಗಳು ಅಥವಾ ಕಂಪನಿಗಳು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸ್ಟೈಪೆಂಡ್ ಕಡಿಮೆಯಾದರೂ ಚಿಂತೆಯಿಲ್ಲ; ಆದರೆ ಬರೀ ಫೈಲ್ ಜೋಡಿಸುವ ಕೆಲಸವಾಗದೆ, ಮಂಡಳಿ ಸಭೆಯ ನಡಾವಳಿ ಬರೆಯುವುದನ್ನೂ, ವಾರ್ಷಿಕ ಸಭೆಯ ನಂತರ 30 ದಿನಗಳೊಳಗೆ ಎಒಸಿ-4 (ಹಣಕಾಸು ಲೆಕ್ಕಪತ್ರಗಳ ನಮೂನೆ), 60 ದಿನಗಳೊಳಗೆ ಎಂಜಿಟಿ-7 (ವಾರ್ಷಿಕ ವಿವರಪಟ್ಟಿಯ ನಮೂನೆ) ಸಲ್ಲಿಸುವುದನ್ನೂ ಕೈಯಾರೆ ಮಾಡಿ ಕಲಿಯಬೇಕೆಂಬ ಆಸೆ ನನಗಿದೆ.

ಇನ್ನೊಂದು ಪ್ರಶ್ನೆ: ತರಬೇತಿಯ ಜೊತೆಗೇ ಮುಂದಿನದಾದ ಪ್ರೊಫೆಷನಲ್ ಹಂತದ ಒಂದು ಗ್ರೂಪನ್ನು ಡಿಸೆಂಬರ್ ಪರೀಕ್ಷೆಯಲ್ಲಿ ಬರೆದವರು, ಕಚೇರಿಯಿಂದ ಬಂದ ಮೇಲೆ ದಿನಕ್ಕೆ ಎಷ್ಟು ಹೊತ್ತು ಓದಿದಿರಿ, ಪರೀಕ್ಷೆಗೆ ಮುನ್ನ ಎಷ್ಟು ದಿನ ರಜೆ ಸಿಕ್ಕಿತು ಎಂಬುದನ್ನು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.