ತುರ್ತು: ಕೋಟೆಯ 'ತೆನೆ' ಎಂದರೆ ಈಗ ಯಾರಿಗಾದರೂ ತಿಳಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಂಗಳೂರಿನಿಂದ ನಲವತ್ತು ಜನ ಚಿತ್ರದುರ್ಗದ ಕೋಟೆ ನೋಡಲು ಹೊರಟಿದ್ದೇವೆ. ಬೆಳಗ್ಗೆ ಹೋಗಿ ರಾತ್ರಿ ವಾಪಸ್. ಎಲ್ಲರ ಕೈಗೆ ಕೊಡುವ ಹಾಳೆ ಇವತ್ತು ಸಂಜೆಯೇ ಪ್ರೆಸ್ಸಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ಇದ್ದದ್ದನ್ನು ಕನ್ನಡ ಮಾಡುತ್ತಾ ಎರಡು ಕಡೆ ನಿಂತುಬಿಟ್ಟೆ.

ಗೋಡೆಯ ನೆತ್ತಿಯಲ್ಲಿ ಹಲ್ಲು ಹಲ್ಲಾಗಿ ಎದ್ದಿರುತ್ತದಲ್ಲ, ಸಿಪಾಯಿಗಳು ಮರೆಯಾಗಿ ನಿಲ್ಲುವುದಕ್ಕೆ, ಅದಕ್ಕೆ ನಿಘಂಟು 'ತೆನೆ' ಅನ್ನುತ್ತದೆ. "ತೆನೆಯ ಮೇಲೆ ಹತ್ತಬೇಡಿ" ಅಂತ ಹಾಕಿದರೆ ಜನ ರಾಗಿ ಹೊಲ ಹುಡುಕುತ್ತಾರೆ, ಅಲ್ವಾ? ಇನ್ನೊಂದು, ಗೋಡೆಯ ಹೊರಗೆ ತೋಡಿ ನೀರು ನಿಲ್ಲಿಸುತ್ತಿದ್ದದ್ದು. ಕಂದಕವೋ, ಅಗಳೋ?

*

ಕಂದಕ ಬೇಡ. ಪಾರಸಿಯ ಖಂದಕ್ ಅದು. ಅಗಳು ನಮ್ಮದು: ಅಗಿ, ಅಗೆ, ಅಗೞ್. ಅಗೆದದ್ದೇ ಅಗಳು. ತೆನೆಯೂ ಇರಲಿ. ಜನಕ್ಕೆ ಗೊತ್ತಿಲ್ಲದಿದ್ದರೆ ಗೊತ್ತುಮಾಡಿ, ಹಾಳೆ ಇರುವುದೇ ಅದಕ್ಕೆ.

*

> ಪಾರಸಿಯ ಖಂದಕ್ ಅದು

ಸ್ವಾಮಿ, ಆ ಖಂದಕ್ ಅರಬಿಗೆ ಹೋದದ್ದು ನಡುಗಾಲದ ಪಾರಸಿಯ 'ಕಂದಗ್' ಇಂದ. ಅದರ ಅರ್ಥವೂ 'ಅಗೆದದ್ದು' ಅಂತಲೇ. ಗುದ್ದಲಿ ಹಿಡಿದವರೆಲ್ಲ ಒಂದೇ ಥರ ಯೋಚಿಸಿದ್ದಾರೆ, ನೀವು ಮಾತ್ರ ಗಡಿ ಹಾಕುತ್ತಿದ್ದೀರಿ. ಕಂದಕ ಹೋದರೆ ಬುರುಜೂ ಹೋಗಬೇಕು, ಫಿರಂಗಿಯೂ ಹೋಗಬೇಕು. ಮಂಗಳೂರಿನ ಆ ಕಾವಲು ಬುರುಜು, ಸುಲ್ತಾನ್ ಬತ್ತೇರಿಗೆ ಏನು ಹೆಸರಿಡುತ್ತೀರಿ?

ಇನ್ನು ತೆನೆ, ಅಗಳು ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿದರೆ ಊಟದ ಪಟ್ಟಿ ಅಂದುಕೊಳ್ಳುತ್ತಾರೆ.

*

ಅನ್ನದ್ದು ಅಗುಳು. ಇದು ಅಗಳು. ಕಣ್ಣು ಬಿಟ್ಟು ಓದಿ.

ಬತ್ತೇರಿ ಜಾಗದ ಹೆಸರು, ಅದನ್ನು ಯಾರೂ ಮುಟ್ಟಿಲ್ಲ. ಬುರುಜಿಗೆ ಕೊತ್ತಲ ಇದೆ. ದಿನಾ "ಕೋಟೆ ಕೊತ್ತಲ" ಅನ್ನುವವರಿಗೆ ಕೊತ್ತಲ ಯಾವುದು ಅಂತ ಗೊತ್ತಿಲ್ಲದಿದ್ದರೆ ತಪ್ಪು ಪದದ್ದಲ್ಲ. ಬಡಗಣ ಕರ್ನಾಟಕದ ಹಳ್ಳಿಗಳಲ್ಲಿ ಹುಡೇವು, ಅಂದರೆ ಊರ ಕಾವಲಿನ ಬುರುಜು, ಇವತ್ತಿಗೂ ನಿಂತಿದೆ, ಹೆಸರೂ ನಿಂತಿದೆ.

*

ನಾನು ದುರ್ಗದವಳು. ನಿಮ್ಮ ಜಗಳ ಆಮೇಲೆ ಆಡಿ, ಆ ಹಾಳೆಗೆ ಹೊತ್ತಾಗುತ್ತಿದೆ.

'ಕೋಟೆತೆನೆ' ಅಂತ ಕೂಡಿಸಿ ಬರೆಯಿರಿ, ರಾಗಿ ನೆನಪಾಗುವುದಿಲ್ಲ. ಎಚ್ಚರಿಕೆಯ ಸಾಲಿಗೆ ಅದೂ ಬೇಡ, "ಗೋಡೆ ಹತ್ತಬೇಡಿ" ಸಾಕು. ಬಿಸಿಲಲ್ಲಿ ನಿಂತು ಯಾರು ನಿಘಂಟು ತೆಗೆಯುತ್ತಾರೆ?

ಒಂದು ಅನುಮಾನ. ಓಬವ್ವನ ಕಿಂಡಿಯನ್ನು 'ರಹಸ್ಯ ದ್ವಾರ' ಮಾಡಿಲ್ಲ ತಾನೆ? ಬಂಡೆಗಳ ಸಂದಿನಲ್ಲಿ ಒಬ್ಬರು ಮೈ ಕುಗ್ಗಿಸಿಕೊಂಡು ನುಸುಳುವಷ್ಟು ಜಾಗ ಅದು. ಅದಕ್ಕೇ ಒನಕೆಯೊಂದೇ ಸಾಕಾಯಿತು. ದ್ವಾರ ಅಂದರೆ ಆನೆ ಬಂದಂತಾಗುತ್ತದೆ. 'ದಿಡ್ಡಿ'ಯೂ ಬೇಡ. ಅದು ಕದ ಇರುವ ಚಿಕ್ಕ ಬಾಗಿಲು, ಬೇರೆ.

*

ಅಕ್ಕಾ, 'ರಹಸ್ಯ ದ್ವಾರ' ಅಂತಲೇ ಇತ್ತು. ತೆಗೆದೆ. ಹಾಳೆ ಹೋಯಿತು: ಗೋಡೆ ಹತ್ತಬೇಡಿ, ಕೋಟೆತೆನೆ, ಕಿಂಡಿ, ಅಗಳು (ಕಂದಕ). ಎಲ್ಲರಿಗೂ ಧನ್ಯವಾದ.

*

ಕಂಸ ಬೇಕಿರಲಿಲ್ಲ.