ಸಹಾಯ ಬೇಕು: ಯಜಮಾನರ ರೀಲ್ಸ್ ಚಟಕ್ಕೆ ಎಲ್ಲಿ ತೋರಿಸೋದು?

ಎಲ್ಲರಿಗೂ ನಮಸ್ಕಾರ. ನಾವು ವಿಜಯನಗರದಲ್ಲಿ ಇರೋದು. ನನ್ನ ಯಜಮಾನರ ವಿಷಯಕ್ಕೆ ಸಲಹೆ ಬೇಕಿತ್ತು.

ಕುಡಿತ ಇಲ್ಲ, ಇಸ್ಪೀಟ್ ಇಲ್ಲ, ತುಂಬಾ ಒಳ್ಳೆಯವರು. ಆದರೆ ಆಫೀಸಿನಿಂದ ಬಂದ ಮೇಲೆ ಕೈಯಿಂದ ಫೋನ್ ಇಳಿಯೋದೇ ಇಲ್ಲ. ಊಟಕ್ಕೆ ಕೂತರೂ ನೀರಿನ ಚೊಂಬಿಗೆ ಫೋನ್ ಒರಗಿಸಿಕೊಂಡು ಎಡಗೈಯಲ್ಲಿ ರೀಲ್ಸ್ ತಳ್ಳುತ್ತಾ ಇರುತ್ತಾರೆ. ಮೊನ್ನೆ ಮಗಳು ಸ್ಕೂಲ್ ಡೇ ಡ್ಯಾನ್ಸ್‌ಗೆ ಸೆಲೆಕ್ಟ್ ಆದೆ ಅಂತ ಓಡಿ ಬಂದಳು. "ಹ್ಞೂಂ ಪುಟ್ಟಿ" ಅಂದರು, ತಲೆ ಎತ್ತಲಿಲ್ಲ. ಈಗ ಅವಳು ಅಪ್ಪನ ಹತ್ತಿರ ಏನೂ ಹೇಳೋಕೆ ಹೋಗುವುದಿಲ್ಲ. ನನಗೆ ಅದೇ ಜಾಸ್ತಿ ಸಂಕಟ.

ಸುಮ್ನೆ ಬೈದರೆ ಪ್ರಯೋಜನ ಇಲ್ಲ. ಆ ಆ್ಯಪ್‌ಗಳನ್ನು ಮಾಡಿರೋದೇ ಹಾಗೆ, ಎಷ್ಟು ತಳ್ಳಿದರೂ ಮುಗಿಯುವುದಿಲ್ಲ. ಅವರೇ ಒಮ್ಮೆ ತೆಗೆದುಹಾಕಿ, ವಾರದೊಳಗೆ ಮತ್ತೆ ಹಾಕಿಕೊಂಡರು. ಅಂದರೆ ಬಿಡಬೇಕು ಅಂತ ಅವರಿಗೂ ಇದೆ, ಅಲ್ವಾ?

ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ಫೋನ್, ಇಂಟರ್ನೆಟ್ ಚಟಕ್ಕೆ ಅಂತಲೇ. ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಮೊದಲೇ ಅಪಾಯಿಂಟ್‌ಮೆಂಟ್ ಬೇಕಾ? ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡುತ್ತಾರಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇಂಥ ವಿಷಯಕ್ಕೆ ಫೋನ್ ಮಾಡಿದವರಿದ್ದರೆ ಅದನ್ನೂ ಹೇಳಿ.

ಮುಖ್ಯವಾಗಿ, ನಿಮ್ಹಾನ್ಸ್ ಅಂದ ತಕ್ಷಣ "ನನಗೇನು ಹುಚ್ಚಾ" ಅಂತ ಸಿಟ್ಟಾಗುತ್ತಾರೆ. ಅವರ ಮನಸ್ಸು ನೋಯದ ಹಾಗೆ ಈ ಮಾತು ಹೇಗೆ ಎತ್ತಲಿ? ಇಲ್ಲೇ ಬರೆದರೂ ಸರಿ, ಮೆಸೇಜ್ ಮಾಡಿದರೂ ಸರಿ.