ಸ್ಪೆಸಿಫಿಕೇಶನ್ ಕಡತಗಳಿಗೆ ಟ್ಯಾಗ್ ಹಾಕಿದವರು ಅನುಭವ ತಿಳಿಸಿ

ವಿದ್ಯಾನಗರ, ದಾವಣಗೆರೆ: ನಮ್ಮದು ಸಣ್ಣ ಗುತ್ತಿಗೆ ಕಚೇರಿ. ಟೆಂಡರ್ ಸ್ಪೆಸಿಫಿಕೇಶನ್, ತಿದ್ದುಪಡಿ, ಐಎಸ್ ಕೋಡ್ (ಭಾರತೀಯ ಮಾನಕ) ಎಲ್ಲವೂ ಫೋಲ್ಡರ್‌ಗಳಲ್ಲಿ ಕಲಸಿಹೋಗಿವೆ. ಟ್ಯಾಗ್ ಹಾಕಿಕೊಂಡವರಿದ್ದರೆ ಹೇಗೆಂದು ಹೇಳಿ.

ಗುತ್ತಿಗೆದಾರ, ಹದಡಿ ರಸ್ತೆ: ಫೋಲ್ಡರ್ ನಂಬಿ ನಾನು ತೆತ್ತ ದಂಡ ಕೇಳಿ. ಕಲ್ಯಾಣ ಮಂಟಪದ ಕೆಲಸ. ತೊಲೆಗಳ ಕಾಂಕ್ರೀಟಿಗೆ ಮೊದಲು ಎಂ20 ದರ್ಜೆ ಇತ್ತು, ತಿದ್ದುಪಡಿಯಲ್ಲಿ ಅದಕ್ಕಿಂತ ಗಟ್ಟಿಯಾದ ಎಂ25 ಆಯಿತು. ಆ ಹಾಳೆಯನ್ನು ಕಚೇರಿಯ ಹುಡುಗ ಪತ್ರವ್ಯವಹಾರದ ಫೋಲ್ಡರಿಗೆ ಸೇರಿಸಿದ. ಸೈಟಿಗೆ ಹಳೆಯದೇ ಹೋಯಿತು. ಕಾಂಕ್ರೀಟ್ ಕೊರೆದು ನೋಡುವ ಕೋರ್ ಪರೀಕ್ಷೆಗೆ 18,500, ತಜ್ಞರ ವರದಿಗೆ 35,000, ತೊಲೆಗೆ ಸುತ್ತ ಹೊದಿಕೆ ಕಟ್ಟಿ ಬಲಪಡಿಸುವ ಜಾಕೆಟಿಂಗ್‌ಗೆ 2,40,000 ರೂಪಾಯಿ. ತಡೆಹಿಡಿದ ಬಿಲ್ಲಿನ ಬಡ್ಡಿ ಬೇರೆ. ಈಗ ಪ್ರತಿ ಕಡತಕ್ಕೂ ಕೆಲಸದ ಹೆಸರು, ಭಾಗ, ಸ್ಥಿತಿ ಎಂಬ ಟ್ಯಾಗ್‌ಗಳಿವೆ. ‘ಚಾಲ್ತಿ’ ಎಂದಿಲ್ಲದ ಹಾಳೆ ಸೈಟಿಗೆ ಹೋಗುವುದಿಲ್ಲ.

ನಿವೃತ್ತ ಇಂಜಿನಿಯರ್, ಚಿತ್ರದುರ್ಗ: ಅದು ಹುಡುಗನ ತಪ್ಪು, ಫೋಲ್ಡರಿನದಲ್ಲ. ರಸ್ತೆ ಕೆಲಸಕ್ಕೆ ಮೋರ್ಥ್ (ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ) ಪುಸ್ತಕವೇ ವಿಂಗಡಿಸಿ ಕೊಟ್ಟಿದೆ: ವಿಭಾಗ 300 ಮಣ್ಣು ಕೆಲಸ, 400 ತಳಪದರ, 500 ಡಾಂಬರು. ನನ್ನ ಕಡತಗಳಿಗೆ ಅದೇ ಸಂಖ್ಯೆ. ಟ್ಯಾಗ್ ಬಂದ ಮೇಲೆ ನನ್ನ ಸಹಾಯಕರು ಒಂದೇ ವಸ್ತುವಿಗೆ ‘ಸ್ಟೀಲ್’, ‘ಕಬ್ಬಿಣ’, ‘ಸರಳು’ ಎಂದು ಬರೆದು ಹುಡುಕಾಟವನ್ನೇ ಕೆಡಿಸಿದರು.

ಗುತ್ತಿಗೆದಾರ, ಹದಡಿ ರಸ್ತೆ: ರದ್ದಾದದ್ದನ್ನು ನಿಮ್ಮ ಸಂಖ್ಯೆ ಹೇಳುತ್ತದೆಯೇ ಸರ್? 43 ಗ್ರೇಡ್ ಸಿಮೆಂಟಿನ ಐಎಸ್ 8112, 53 ಗ್ರೇಡಿನ 12269 ಎರಡೂ 2015ರ ಐಎಸ್ 269ರೊಳಗೆ ಸೇರಿದವು. ಹಳೆಯ ಸಂಖ್ಯೆಯನ್ನೇ ನಕಲು ಮಾಡಿದ ಟೆಂಡರ್ ನನ್ನ ಮೇಜಿನ ಮೇಲೆ ಈಗಲೂ ಇದೆ.

ಬಿಲ್ಲಿಂಗ್ ಇಂಜಿನಿಯರ್, ಹರಿಹರ: ಜಗಳ ಬಿಟ್ಟು ಪಟ್ಟಿ ಮಾಡಿ. ನಮ್ಮಲ್ಲಿ ಟ್ಯಾಗ್‌ಗಳ ಪಟ್ಟಿ ಗೋಡೆಯ ಮೇಲಿದೆ, ಹೊಸದನ್ನು ಸೇರಿಸುವ ಅಧಿಕಾರ ನನ್ನೊಬ್ಬಳದೇ. ಇದಕ್ಕಾಗಿ ಮಾಲೀಕರೊಂದಿಗೆ ವಾದ ಮಾಡಿದ್ದೇನೆ, ಹೆಮ್ಮೆಯಿದೆ. ಬರೀ ‘ಮರಳು’ ಎಂದು ಬರೆಯಲು ಬಿಡುವುದಿಲ್ಲ: ಕಾಂಕ್ರೀಟಿಗೆ ಐಎಸ್ 383, ಇಟ್ಟಿಗೆ-ಕಲ್ಲು ಕಟ್ಟುವ ಗಾರೆಗೆ 2116, ಪ್ಲಾಸ್ಟರಿಗೆ 1542. ಮೂರೂ ಬೇರೆ.

ಗುತ್ತಿಗೆದಾರ, ಹದಡಿ ರಸ್ತೆ: ಮರಳಿನ ಮಾತು ಎತ್ತಬೇಡಿ ಮೇಡಂ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಪ್ಲಾಸ್ಟರ್ ಬಿರುಕು ಬಿಟ್ಟು, ಕೆತ್ತಿಸಿ ಮತ್ತೆ ಹಾಕಿಸಿದ ಕೂಲಿಯೂ ನನ್ನ ಜೇಬಿನದೇ.

ನಿವೃತ್ತ ಇಂಜಿನಿಯರ್, ಚಿತ್ರದುರ್ಗ: ಮರಳಿನ ಕಣಗಳ ಗಾತ್ರ ತಿಳಿಸುವ ಜರಡಿ ವರದಿ ನೋಡದೆ ಲೋಡ್ ಇಳಿಸಿಕೊಂಡರೆ ಇನ್ನೇನಾಗುತ್ತದೆ?

ಗುತ್ತಿಗೆದಾರ, ಹದಡಿ ರಸ್ತೆ: ನೋಡಿದ್ದೆ. ಕ್ರಷರಿನವರು ಕೊಟ್ಟದ್ದು ಕಾಂಕ್ರೀಟ್ ಮರಳಿನ ವರದಿ. ಅದಕ್ಕೆ ಸಹಿ ಹಾಕಿದವರು ನಿಮ್ಮಂಥ ಇಂಜಿನಿಯರೇ.